ಸೂಜಿಕಣ್ಣಿಯ ಹೆಸರು, ನಾನೂರ ಹನ್ನೆರಡು ಸಲ

ಒಬ್ಬ ಗಂಡಸು ಹೆಂಡತಿಯ ಲ್ಯಾಪ್‌ಟಾಪಿನೊಳಗೆ ಕಳ್ಳಗಣ್ಣೊಂದನ್ನು ಕೂರಿಸಿ, ಅವಳು ಯಾರಿಗೆ ಏನು ಬರೆದಳು, ಎಲ್ಲಿ ಕುಳಿತು ಬರೆದಳು ಎಂದು ದಿನವೂ ಕದ್ದು ಓದುತ್ತಿದ್ದ ಸಂಗತಿ ಕಿವಿಗೆ ಬಿದ್ದಾಗ, ‘ಅವನಿಗೆ ಅವಳ ಮೇಲೆ ಅಷ್ಟೊಂದು ಪ್ರೀತಿ’ ಎಂದು ನಕ್ಕವರು ನೀವೇ ಅಲ್ಲವೇ?

ನೀವಲ್ಲವಾದರೆ ನಿಮ್ಮ ಪಕ್ಕದಲ್ಲಿ ಕುಳಿತಿದ್ದವರು. ನಕ್ಕವರನ್ನೂ ಅವರ ಪಕ್ಕದಲ್ಲಿ ಸುಮ್ಮನೆ ಕುಳಿತವರನ್ನೂ ಬೇರೆ ಬೇರೆ ಮಾಡಿ ನೋಡುವ ಔದಾರ್ಯ ಈ ಕಥೆಗಿಲ್ಲ.

ಅಂಥ ಪ್ರೀತಿಯಿಂದ ತಪ್ಪಿಸಿಕೊಂಡು ಬಂದವಳೊಬ್ಬಳು ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಕಂಪ್ಯೂಟರ್ ರಿಪೇರಿ ಅಂಗಡಿಯ ಮೆಟ್ಟಿಲು ಹತ್ತಿದಳು. ಎದೆಗವಚಿದ ಲ್ಯಾಪ್‌ಟಾಪಿನ ಮೇಲೆ ಅವಳ ಎಡಗೈ ಕೊಂಚ ವಾರೆಯಾಗಿ ಕುಳಿತಿತ್ತು. ಆ ಮಣಿಕಟ್ಟನ್ನು ಗಂಡನಾಗಿದ್ದವನು ಕಬ್ಬಿಣದ ಕಪಾಟಿನ ಸಂದಿಗಿಟ್ಟು ಬಾಗಿಲನ್ನು ಒದ್ದಿದ್ದ. ಮೂರು ಸಲ. ಮೂಳೆ ಕೂಡಿತು, ನೆಟ್ಟಗೆ ಕೂಡಲಿಲ್ಲ.

ವಿಚ್ಛೇದನವಾಗಿ ಹನ್ನೊಂದು ತಿಂಗಳಾಗಿತ್ತು. ಅವನದು ಮೊಬೈಲ್ ಅಂಗಡಿ. ಗಿರಾಕಿಗಳೊಡನೆ ಬಹಳ ವಿನಯದ ಮನುಷ್ಯ. ಅವಳು ಎರಡು ಸಲ ಊರು ಬದಲಿಸಿದಳು, ಎರಡು ಸಲವೂ ಅವನು ಬಂದು ಬಾಗಿಲು ಬಡಿದ. ಮೂರನೆಯ ಊರಿಗೆ ಬರುವಾಗ ಲ್ಯಾಪ್‌ಟಾಪನ್ನು ಆಫ್ ಮಾಡಿ ಚೀಲದ ತಳಕ್ಕೆ ತುರುಕಿದಳು. ಅವನು ಬರಲಿಲ್ಲ. ಆಗ ಅವಳಿಗೆ ಎಲ್ಲವೂ ತಿಳಿಯಿತು.

ಅವಳ ಕಸುಬು ಯಂತ್ರಕಸೂತಿಯ ವಿನ್ಯಾಸ. ಹೊಲಿಗೆ ಎಲ್ಲಿ ಹೊರಟು ಎತ್ತ ತಿರುಗಬೇಕೆಂದು ಅವಳು ಕಂಪ್ಯೂಟರಿನಲ್ಲಿ ಗೆರೆ ಹಾಕಿಕೊಟ್ಟರೆ ಯಂತ್ರ ಅದರಂತೆ ಹೊಲಿಯುತ್ತದೆ. ಮಬ್ಬು ಬೆಳಕಿನಲ್ಲೂ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದವಳನ್ನು ತರಬೇತಿ ಶಾಲೆಯ ಗೆಳತಿಯರು ಸೂಜಿಕಣ್ಣಿ ಎಂದು ಕರೆದಿದ್ದರು. ಹುಟ್ಟುಹೆಸರಿಗಿಂತ ಅದೇ ಗಟ್ಟಿಯಾಗಿ ನಿಂತಿತು.

“ಇದ್ರಲ್ಲಿರೋದನ್ನೆಲ್ಲ ಅಳಿಸ್ಬಿಡಿ. ಬೇರು ಸಮೇತ,” ಎಂದಳು.

ಬೆಂಚಿನ ಹಿಂದಿದ್ದವನು ತಲೆಯೆತ್ತಿದ. ತುಟಿಗಳ ನಡುವೆ ಪುಟ್ಟದೊಂದು ಸ್ಕ್ರೂ ಕಚ್ಚಿಕೊಂಡಿದ್ದ. ಸದಾ ಹಾಗೆ ಕಚ್ಚಿಕೊಂಡಿರುವ ಕಾರಣ ಬೀದಿಯಲ್ಲಿ ಅವನ ಹೆಸರೇ ಸ್ಕ್ರೂ.

“ಫೋಟೋಗೀಟೋ ಏನಾದ್ರೂ ಉಳಿಸ್ಕೋಬೇಕಾ?”

“ಮದುವೆ ಫೋಟೋ ಇದೆ. ಅದನ್ನ ಮೊದಲು ಅಳಿಸಿ.”

ಅವನು ಬಾಯಿಂದ ಸ್ಕ್ರೂ ತೆಗೆದು ಬಟ್ಟಲಿಗೆ ಹಾಕಿದ. ಕೈ ನೋಡಲಿಲ್ಲ, ಮುಖ ನೋಡಿದ. ಆ ಒಂದು ಸೂಕ್ಷ್ಮವನ್ನು ಅವಳು ಗಮನಿಸಿದಳು.

“ಆಮೇಲೆ ಕಸೂತಿ ಸಾಫ್ಟ್‌ವೇರ್ ಹಾಕ್ಬೇಕು. ರೆಡಿಮೇಡ್ ಬೇಡ. ಅದರೊಳಗೆ ಏನೇನು ಬರೆದಿದೆಯೋ ಎಲ್ಲ ಕಣ್ಣಿಗೆ ಕಾಣ್ಬೇಕು.”

“ಹಾಗಾದ್ರೆ ಓಪನ್ ಸೋರ್ಸ್. ಕೋಡ್ ತಂದು ಇಲ್ಲೇ ಕಂಪೈಲ್ ಮಾಡಿ, ಓಡೋ ಸಾಫ್ಟ್‌ವೇರ್ ಕಟ್ಟೋದು. ಒಂದೂವರೆ ಲಕ್ಷ ಸಾಲು ಇರುತ್ತೆ ಮೇಡಂ.”

“ನನಗೇನೂ ಅವಸರ ಇಲ್ಲ.”

ಬೀರುವಿನ ಆಚೆಯಿಂದ ನಗು ಕೇಳಿಸಿತು. ಅರ್ಧ ಅಂಗಡಿಯಲ್ಲಿ ಅವನ ಅಕ್ಕ ಝೆರಾಕ್ಸ್ ಯಂತ್ರ ಇಟ್ಟುಕೊಂಡಿದ್ದಳು.

“ಲೋ, ಒಂದೂವರೆ ಲಕ್ಷ ಸಾಲು ಮುಗಿಯೋವರೆಗೂ ಕೂತ್ಕೊಳ್ಳೋ ಗಿರಾಕಿ ಸಿಕ್ಕಿದಾರೆ. ಕುರ್ಚಿನಾದ್ರೂ ಒರೆಸಿಕೊಡೋ!”

ತಾವು ಬರೆದ ಪ್ರತಿಯೊಂದು ಸಾಲನ್ನೂ ಊರೆದುರು ಬಿಚ್ಚಿಟ್ಟು, ‘ಓದಿ ನೋಡಿ, ಆಮೇಲೆ ನಿಮ್ಮ ಕೈಯಾರೆ ಕಟ್ಟಿಕೊಳ್ಳಿ’ ಎನ್ನುವ ಜನರೂ ಜಗತ್ತಿನಲ್ಲಿದ್ದಾರೆ. ನಾಲ್ಕು ವರ್ಷ ಮುಚ್ಚಿದ ಬಾಗಿಲ ಹಿಂದೆ ಏಟು ತಿಂದವಳಿಗೆ ಅಂಥವರ ಕೆಲಸವಲ್ಲದೆ ಬೇರೆ ಯಾವುದರ ಮೇಲೆ ನಂಬಿಕೆ ಹುಟ್ಟೀತು?

ಇಂಟರ್ನೆಟ್ಟಿಗೆ ಸೋಕಿಸದೆಯೇ ಲ್ಯಾಪ್‌ಟಾಪನ್ನು ಬೇರು ಸಮೇತ ಅಳಿಸಿದ ಮೇಲೆ ಕೋಡ್ ಇಳಿಯಿತು. ನಡುವೆ ಯಾರೂ ಅದನ್ನು ತಿದ್ದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಅದನ್ನು ಬರೆದವರು ಅರವತ್ತನಾಲ್ಕು ಅಕ್ಷರಗಳ ಗುರುತೊಂದನ್ನು ಪ್ರಕಟಿಸಿರುತ್ತಾರೆ. ಆ ಗುರುತು ಇವರ ಪರದೆಯ ಮೇಲಿನದಕ್ಕೆ ಅಕ್ಷರಕ್ಷರವೂ ಹೊಂದಬೇಕು. ಒಂದು ಆಜ್ಞೆಯಲ್ಲಿ ಆಗುವ ಕೆಲಸವನ್ನು ಸ್ಕ್ರೂ ಅವಳ ಸಮಾಧಾನಕ್ಕಾಗಿ ಬಾಯಲ್ಲಿ ಓದಿಸಿದ.

“ಏಳು, ಎಫ್, ಸೊನ್ನೆ, ಮೂರು,” ಎಂದಳು ಅವಳು, ಅವನ ಫೋನಿನಲ್ಲಿ ತೆರೆದಿಟ್ಟ ಗುರುತನ್ನು ಓದುತ್ತ.

“ಏಳು, ಎಫ್, ಸೊನ್ನೆ, ಮೂರು.”

“ಪರದೆ ನೋಡಿ ಹೇಳ್ರೀ.”

“ನೋಡ್ತಾನೇ ಇದ್ದೀನಲ್ಲ.”

“ಪರದೆ ನನ್ನ ಮುಖದ ಮೇಲಿಲ್ಲ.”

ಅವನ ಕಿವಿಯ ತುದಿ ಕೆಂಪಾಯಿತು. ಆಚೆ ಝೆರಾಕ್ಸ್ ಯಂತ್ರ ಏಕೋ ಇದ್ದಕ್ಕಿದ್ದಂತೆ ನಿಂತಿತು; ಅಕ್ಕ ಕಿವಿಗೊಟ್ಟಿದ್ದಳು. ಉಳಿದ ಅರವತ್ತು ಅಕ್ಷರಗಳನ್ನು ಅವನು ಶಾಲೆಯ ಹುಡುಗನಂತೆ ಪರದೆಗೆ ಕಣ್ಣು ಕೀಲಿಸಿ ಒಪ್ಪಿಸಿದ.

ಅದೇ ಮಧ್ಯಾಹ್ನ ಕೇಬಲ್ ತೆಗೆಯಲು ಅವಳ ಭುಜದ ಮೇಲಿಂದ ಅವನು ಕೈ ಚಾಚಿದ. ಅವಳ ಎರಡೂ ತೋಳುಗಳು ತಾವಾಗಿ ಮೇಲೆದ್ದು ತಲೆಯನ್ನು ಮುಚ್ಚಿಕೊಂಡವು. ಕುರ್ಚಿ ಹಿಂದಕ್ಕೆ ಉರುಳಿತು. ಹೊಡೆತ ಬೀಳಲಿಲ್ಲವೆಂದು ತಿಳಿಯಲು ಅವಳಿಗೆ ಅರ್ಧ ನಿಮಿಷ ಬೇಕಾಯಿತು.

ಅವನು ಕುರ್ಚಿಯನ್ನೆತ್ತಿ ನೆಟ್ಟಗಿಟ್ಟ. ಮರುದಿನದಿಂದ ಕೈ ಚಾಚುವ ಮುನ್ನ ಬಾಯಲ್ಲಿ ಹೇಳತೊಡಗಿದ: “ಎಡಗಡೆಯಿಂದ ಕೈ ಬರ್ತಿದೆ. ಕೇಬಲ್‌ಗೆ.” “ಬಲಗಡೆಯಿಂದ ಟೀ ಬರ್ತಿದೆ. ಬಿಸಿ ಇದೆ.” ಮೂರನೆಯ ದಿನ ಅವಳಿಗೆ ನಗು ಬಂತು.

“ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಥರ ಇದೆ ನಿಮ್ಮದು.”

“ರೈಲು ತಡವಾಗಿ ಬರುತ್ತೆ. ನಾನು ಹೇಳಿದ ಹೊತ್ತಿಗೆ ಬರ್ತೀನಿ.”

ಕಂಪೈಲ್ ನಡೆಯುತ್ತಿತ್ತು. ಹಳೆಯ ಯಂತ್ರ ಕಾದು ಫ್ಯಾನು ಏದುಸಿರು ಬಿಡುತ್ತಿತ್ತು, ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು.

“ಈ ಹಳದಿ ಸಾಲು ಏನು?”

“ವಾರ್ನಿಂಗ್. ಏನೋ ಸರಿ ಇಲ್ಲ ಅಂತ ಹೇಳುತ್ತೆ, ಆದ್ರೂ ಕೆಲಸ ಮುಂದುವರಿಯುತ್ತೆ. ಎರರ್ ಬಂದ್ರೆ ಮಾತ್ರ ನಿಲ್ಲೋದು.”

“ನನ್ನ ಮದುವೇಲಿ ಎರಡು ವರ್ಷ ಬರೀ ಹಳದಿ ಸಾಲೇ,” ಎಂದಳು. ತಾನು ಇದನ್ನು ಹೊರಗಿನವನೊಬ್ಬನಿಗೆ ಹೇಳಿದೆನೆಂದು ಅವಳಿಗೇ ಅಚ್ಚರಿಯಾಯಿತು.

ಶೇಕಡಾ ಎಪ್ಪತ್ತೊಂದಕ್ಕೆ ಕೆಂಪು ಸಾಲು ಬಂತು, ಎಲ್ಲವೂ ನಿಂತಿತು. ಕೋಡ್ ಆಸರೆಗೆ ಬಳಸುವ ಸಿದ್ಧ ತುಣುಕೊಂದು, ಯಾವುದೋ ಲೈಬ್ರರಿ, ಹೊಂದುತ್ತಿರಲಿಲ್ಲ. ಸ್ಕ್ರೂ ಎರಡು ದಿನ ಹೆಣಗಿದ. ಮರುವಾರದ ಬುಧವಾರ ಸಂಜೆ ಅವಳು ಮನೆಗೆ ಹೋದ ಮೇಲೆ ಅವನು ಬಲ್ಲವರು ಒಬ್ಬರಿಗೊಬ್ಬರು ನೆರವಾಗುವ ಫೋರಂ ಒಂದರಲ್ಲಿ ಪ್ರಶ್ನೆ ಹಾಕಿದ. ಪ್ರಶ್ನೆಯ ಕೆಳಗೆ ಕಂಪೈಲ್ ಮಾಡುವಾಗ ಪರದೆಯ ಮೇಲೆ ಬಂದ ಸಾಲುಗಳನ್ನೆಲ್ಲ, ಅಂದರೆ ಇಡೀ ಲಾಗ್ ಅನ್ನು, ಅಂಟಿಸಿದ.

ಅವನು ಮಾಡಿದ ತಪ್ಪು ಇಷ್ಟೇ, ಮತ್ತು ಇದು ಸಣ್ಣ ತಪ್ಪಲ್ಲ. ಯಂತ್ರ ಬಳಸುವವರ ಹೆಸರು ಅಂಥ ಲಾಗಿನ ಸಾಲುಸಾಲಿನಲ್ಲೂ ಅಚ್ಚಾಗಿರುತ್ತದೆ. ಅವಳು ಕೊಟ್ಟಿದ್ದ ಹೆಸರು ಸೂಜಿಕಣ್ಣಿ. ಗಿರಾಕಿಯ ಹೆಸರನ್ನು ಅಳಿಸಿಯೇ ಲಾಗ್ ಹಾಕಬೇಕೆಂಬ ನಿಯಮವನ್ನು ಅವನು ಏಳು ವರ್ಷ ಪಾಲಿಸಿದ್ದ. ಅಂದು ಪಾಲಿಸಲಿಲ್ಲ. ಬೆಳಗ್ಗೆ ಅವಳು ಬರುವಷ್ಟರಲ್ಲಿ ಉತ್ತರ ಬಂದಿರಬೇಕು, ಅವಳ ಮುಖ ಅರಳುವುದನ್ನು ನೋಡಬೇಕು ಎಂಬ ಅವಸರ. ಆ ಲಾಗಿನಲ್ಲಿ ಅವಳ ಹೆಸರು ನಾನೂರ ಹನ್ನೆರಡು ಸಲ ಇತ್ತು. ಅಡಿಯಲ್ಲಿ ಎಂದಿನಂತೆ ಅವನ ಅಂಗಡಿಯ ವಿಳಾಸ. ಒಳ್ಳೆಯ ಮನಸ್ಸಿನಿಂದ ಮಾಡಿದೆನೆಂಬ ಮಾತು ತಪ್ಪನ್ನು ಚಿಕ್ಕದು ಮಾಡುವುದಿಲ್ಲ.

ಆ ಹೆಸರನ್ನು ದಿನವೂ ಬೆಳಗ್ಗೆ ಹಲ್ಲುಜ್ಜುವ ಮೊದಲು ಇಂಟರ್ನೆಟ್ಟಿನಲ್ಲಿ ಹುಡುಕುತ್ತಿದ್ದವನೊಬ್ಬನಿದ್ದ.

ಶುಕ್ರವಾರ ಫೋರಮ್ಮಿನಲ್ಲಿ ಎರಡು ಉತ್ತರ ಬಂದಿದ್ದವು. ಒಂದು, ಲೈಬ್ರರಿಯನ್ನು ಸರಿಪಡಿಸುವ ಬಗೆ. ಇನ್ನೊಂದು ಖಾಸಗಿ ಸಂದೇಶ: ‘ಸಾರ್, ಶನಿವಾರ ಅಂಗಡಿ ತೆಗೆದಿರುತ್ತದೆಯೇ?’ ಹೊಸ ಗಿರಾಕಿ ಎಂದುಕೊಂಡು ಸ್ಕ್ರೂ ಬರೆದ: ‘ಹತ್ತರಿಂದ ಎಂಟು. ಖಂಡಿತ ಬನ್ನಿ.’

ಶನಿವಾರ ಹನ್ನೆರಡು ದಾಟಿತ್ತು. ಸೂಜಿಕಣ್ಣಿ ಗೋಡೆಗೆ ಮುಖ ಮಾಡಿ ಬೆಂಚಿನಲ್ಲಿ ಕುಳಿತಿದ್ದಳು.

“ನಮಸ್ಕಾರ ಸಾರ್. ಶನಿವಾರ ಇರ್ತೀರಾ ಅಂತ ಕೇಳಿದ್ದೆನಲ್ಲ, ನಾನೇ.”

ಅವಳ ಬೆನ್ನುಹುರಿ ಆ ದನಿಯನ್ನು ಕಿವಿಗಿಂತ ಮೊದಲು ಗುರುತಿಸಿತು. ತಿರುಗಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪತ್ರಿಕೆಯಲ್ಲಿ ಸುತ್ತಿದ ಉದ್ದನೆಯ ಪೊಟ್ಟಣ. ಪತ್ರಿಕೆ ಬಿಚ್ಚಿಕೊಂಡಿತು. ಒಳಗಿದ್ದದ್ದು ಲಾರಿಯ ಜಾಕಿಗೆ ಹಾಕುವ ಕಬ್ಬಿಣದ ಸಲಾಕೆ.

ಸ್ಕ್ರೂ ನಡುವೆ ಬಂದ. ಮೊದಲ ಏಟು ಅವನ ಹೆಗಲಿಗೆ ಬಿತ್ತು. ಎರಡನೆಯದು ಲ್ಯಾಪ್‌ಟಾಪಿನ ಪರದೆಗೆ. ಮೂರನೆಯದು ಬೀರುವಿನ ಗಾಜಿಗೆ. ಗಾಜಿನ ಚೂರುಗಳು ಅಕ್ಕನ ಕುತ್ತಿಗೆಯನ್ನು ಗೀರಿದವು. ಆಮೇಲೆ ಅವನು ಸ್ಕ್ರೂನ ಬಲಗೈಯನ್ನು ಬೆಂಚಿನ ಮೇಲೆ ಮೊಣಕಾಲಿನಿಂದ ಒತ್ತಿ ಹಿಡಿದ.

“ಇದೇ ಕೈ ತಾನೆ ಟೈಪ್ ಮಾಡಿದ್ದು? ನಿನ್ನ ಹೆಸರನ್ನ ಇವನೇ ಊರಿಗೆಲ್ಲ ಸಾರಿದ್ದು ಕಣೇ! ನಾನೂರ ಹನ್ನೆರಡು ಸಲ! ಎಣಿಸಿದೀನಿ! ನಾನು ಹುಡುಕಿದ್ದಲ್ಲ, ಇವನೇ ಕರೆದದ್ದು!”

ಸಲಾಕೆ ಇಳಿಯಿತು. ಮೂರು ಬೆರಳು, ಒಂದೇ ಸದ್ದು.

ಬೀದಿ ಏನು ಮಾಡುತ್ತಿತ್ತು ಎನ್ನುತ್ತೀರಿ? ನೋಡುತ್ತಿತ್ತು. ಎದುರಿನ ಬೇಕರಿಯಲ್ಲಿ ಆರು ಜನ, ಔಷಧಿ ಅಂಗಡಿಯ ಗಾಜಿನ ಹಿಂದೆ ಮೂವರು, ದರ್ಜಿಯ ಅಂಗಡಿಯಲ್ಲಿ ಇಬ್ಬರು, ದಾರಿಯಲ್ಲಿ ನಿಂತವರು ಇನ್ನಾರು. ಒಬ್ಬ ಫೋನೆತ್ತಿ ಚಿತ್ರ ತೆಗೆದ. ಬೇಕರಿಯವನು ಶಟರ್ ಎಳೆದ, ಪೂರ್ತಿ ಅಲ್ಲ, ಬಗ್ಗಿ ನೋಡಲು ಸಾಕಾಗುವಷ್ಟು ಬಿಟ್ಟು.

ಅಕ್ಕ ಝೆರಾಕ್ಸಿನ ಮಸಿಪುಡಿಯ ಡಬ್ಬಿಯನ್ನು ಬಿಚ್ಚಿ ಅವನ ಮುಖಕ್ಕೆ ಎರಚಿದಳು. ಅವನು ಕಣ್ಣುಜ್ಜಿ ಕೆಮ್ಮುತ್ತ ಸಲಾಕೆಯನ್ನು ಕುರುಡಾಗಿ ಬೀಸಿದ. ಆಗ ಸೂಜಿಕಣ್ಣಿಯ ಕೈ ಬೆಂಚಿನ ಮೇಲೆ ಕಾಯುತ್ತಿದ್ದ ಬೆಸುಗೆ ಕಡ್ಡಿಯನ್ನು ಹಿಡಿಯಿತು. ಅದನ್ನು ಅವನ ಮುಂಗೈಗೆ ಒತ್ತಿದಳು. ಅವನು ಅರಚಿದ. ಅವಳು ತೆಗೆಯಲಿಲ್ಲ. ಸುಟ್ಟ ಚರ್ಮದ ವಾಸನೆ ಮೂಗಿಗೆ ಬಂತು, ಸಲಾಕೆ ನೆಲಕ್ಕೆ ಬಿತ್ತು, ಅದನ್ನೆತ್ತಿ ಅವನ ಮಂಡಿಗೆ ಒಂದೇ ಒಂದು ಹೊಡೆದಳು. ಅವನು ಕುಸಿದ.

ಎರಡನೆಯ ಏಟು ಅವಳಿಗೆ ಬೇಕಾಗಿತ್ತು. ನಾಲ್ಕು ವರ್ಷದಿಂದ ಬೇಕಾಗಿತ್ತು. ಸಲಾಕೆ ತಲೆಯ ಮೇಲಿತ್ತು.

ಅಕ್ಕ ಹಿಂದಿನಿಂದ ಅವಳ ಸೊಂಟ ತಬ್ಬಿದಳು. “ಬೇಡ ಕಣೇ ತಾಯಿ. ಜೈಲಿಗೆ ಹೋಗ್ಬೇಕಾದೋನು ಅವನು. ನೀನಲ್ಲ.”

ಅಕ್ಕ ಕರೆಸಿದ ಪೊಲೀಸರು ಅವನನ್ನು ಒಯ್ದರು. ಆಸ್ಪತ್ರೆಯಲ್ಲಿ ಸ್ಕ್ರೂನ ಬೆರಳುಗಳಿಗೆ ಉಕ್ಕಿನ ಕಡ್ಡಿ ಹಾಕಿದರು. ಅವಳು ಮಂಚದ ಕಾಲಬಳಿ ನಿಂತಳು. ಅಂಗಿಯ ತೋಳಿಗೆ ಅವನ ರಕ್ತ ಅಂಟಿತ್ತು.

“ಅವನು ಹೇಳಿದ್ದು ನಿಜಾನಾ?”

“ನಿಜ. ಹೆಸರು ತೆಗೀಬೇಕಾಗಿತ್ತು, ತೆಗೀಲಿಲ್ಲ. ಶನಿವಾರ ಬನ್ನಿ ಅಂದವನೂ ನಾನೇ.”

ನೆಪವೊಂದಕ್ಕೆ ಅವಳು ಕಾದಳು. ಬರಲಿಲ್ಲ. ಅದಕ್ಕಾಗಿ ಸಿಟ್ಟು ಇನ್ನೂ ಹೆಚ್ಚಾಯಿತು. ಹೊರಟುಹೋದಳು.

ಗಂಟು ಕಟ್ಟುವುದು ಅವಳಿಗೆ ಹೊಸದಲ್ಲ. ಹನ್ನೆರಡು ನಿಮಿಷದಲ್ಲಿ ಕೋಣೆ ಖಾಲಿ ಮಾಡಬಲ್ಲಳು. ಚೀಲದ ಜಿಪ್ ಎಳೆಯುವಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಕುತ್ತಿಗೆಗೆ ಪಟ್ಟಿ.

“ತಮ್ಮನ ಪರ ವಕಾಲತ್ತಿಗೆ ಬಂದ್ರಾ?”

“ಅವನ ಪರ ಯಾಕೆ ಮಾತಾಡ್ಲಿ? ಮಾಡಿದ್ದು ಕತ್ತೆ ಕೆಲಸ. ಕೈ ಮುರಿದಿಲ್ಲದಿದ್ರೆ ನಾನೇ ಮುರೀತಿದ್ದೆ.” ಅಕ್ಕ ಒಳಗೆ ಬಂದು ಚೀಲದ ಪಕ್ಕದಲ್ಲೇ ಕುಳಿತಳು. “ಠಾಣೆಯಲ್ಲಿ ಹೇಳಿಕೆ ಬರೀತಿದಾರೆ. ಬೀದಿಯವರು ಒಬ್ಬರೂ ಬಾಯಿ ಬಿಡ್ತಿಲ್ಲ. ನೀನೂ ಹೋಗ್ಬಿಟ್ರೆ ಇದು ‘ಅಂಗಡಿಯಲ್ಲಿ ಗಿರಾಕಿ ಜಗಳ’ ಅಂತ ಮುಗಿದೋಗುತ್ತೆ. ನಾಲ್ಕನೇ ಊರಲ್ಲೂ ಅವನು ನಿನ್ನ ಹುಡುಕ್ತಾನೆ.”

“ನನಗೆ ಸಾಕಾಗಿದೆ ಅಕ್ಕಾ.” ಆ ಸಂಬೋಧನೆ ಅವಳ ಬಾಯಿಂದ ಹೊರಟದ್ದು ಅದೇ ಮೊದಲು.

“ಗೊತ್ತು. ಸಾಕಾಗಿದೆ ಅಂತಾನೇ ನಿಲ್ಲು ಅಂತಿರೋದು.”

ಅವಳು ಚೀಲದ ಜಿಪ್ಪನ್ನು ಮತ್ತೆ ಬಿಚ್ಚಿದಳು. ಎದ್ದಳು. ಠಾಣೆಯಲ್ಲಿ ಐದು ಪುಟ ಹೇಳಿಕೆ ಕೊಟ್ಟಳು, ಕಪಾಟಿನ ಬಾಗಿಲಿನಿಂದ ಆರಂಭಿಸಿ.

ಹತ್ತನೆಯ ದಿನ ಅಂಗಡಿಗೆ ಹೋದಳು. ಸ್ಕ್ರೂ ಬಲಗೈಗೆ ಪ್ಲಾಸ್ಟರ್ ಹೊತ್ತು, ಎಡಗೈಯಲ್ಲಿ ಬರೆದ ಸೊಟ್ಟ ಅಕ್ಷರಗಳ ಹಾಳೆಯೊಂದನ್ನು ಮುಂದಿಟ್ಟ.

“ಆ ಲಾಗ್ ಆರು ಕಡೆ ನಕಲಾಗಿತ್ತು. ಬರೆದು ಕೇಳಿ ನಾಲ್ಕು ಕಡೆ ತೆಗೆಸಿದೀನಿ. ಈ ಎರಡು ಕಡೆಯವರು ಇನ್ನೂ ಉತ್ತರ ಕೊಟ್ಟಿಲ್ಲ. ನಿಮಗೆ ಗೊತ್ತಿರ್ಲಿ.”

“ಕ್ಷಮೆ ಕೇಳಲ್ವಾ?”

“ಕೇಳಿದ್ರೆ ನೀವು ಕೊಡ್ಬೇಕೋ ಬೇಡ್ವೋ ಅಂತ ಯೋಚಿಸ್ಬೇಕಾಗುತ್ತೆ. ಅದೂ ನಿಮ್ಮ ತಲೆಮೇಲೇ ಒಂದು ಹೊರೆ. ಬೇಡ.”

ಅವಳು ಆ ಸೊಟ್ಟ ಅಕ್ಷರಗಳನ್ನು ಎರಡು ಸಲ ಓದಿದಳು. ‘ನಾನು ಹೊಡೆದದ್ದು ನಿನ್ನಿಂದಲೇ’ ಎಂಬ ಮಾತನ್ನೇ ನಾಲ್ಕು ವರ್ಷ ಕೇಳಿದವಳಿಗೆ, ತನ್ನ ತಪ್ಪನ್ನು ತಾನೇ ಎಣಿಸಿ ಬರೆದುಕೊಡುವ ಗಂಡಸು ಹೊಸಬ. ಸಿಟ್ಟು ಹೋಗಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಕುಳಿತಳು.

“ನಿಮ್ಮ ಕೈ ಆಗಲ್ಲ. ಏನು ಟೈಪ್ ಮಾಡ್ಬೇಕು ಹೇಳಿ. ನಾನೇ ಮಾಡ್ತೀನಿ.”

ಒಡೆದ ಪರದೆಯ ಬದಲು ಹಳೆಯ ಮಾನಿಟರೊಂದನ್ನು ಲ್ಯಾಪ್‌ಟಾಪಿಗೆ ಜೋಡಿಸಿದರು.

“ಎಲ್ಲ ಮೊದಲಿಂದ ಶುರು ಮಾಡೋಣ. ಯೂಸರ್ ನೇಮ್ ಬೇರೆ ಯಾವುದಾದ್ರೂ ಹಾಕಿ,” ಎಂದ ಅವನು.

“ಯಾಕೆ? ಹೆಸರು ನಂದು. ಅವನಪ್ಪಂದಲ್ಲ,” ಎಂದು ಅವಳು ಅದನ್ನೇ ಒತ್ತಿದಳು.

ಸೋರ್ಸ್ ಕೋಡನ್ನು ಬಿಚ್ಚಿದಳು. ಫೋರಮ್ಮಿನವರು ಹೇಳಿದ ತಿದ್ದುಪಡಿಯನ್ನು ಹಾಕಿದಳು. ಅವನು ಒಂದೊಂದೇ ಆಜ್ಞೆ ಹೇಳುತ್ತಿದ್ದ, ಅವಳ ಬೆರಳು ಅದನ್ನು ಕುಟ್ಟುತ್ತಿತ್ತು. ತಪ್ಪಿದಾಗ ಅವನು ‘ಊಹೂಂ’ ಎನ್ನುತ್ತಿದ್ದ, ಅವಳು ಕಣ್ಣಂಚಿನಲ್ಲಿ ದುರುಗುಟ್ಟುತ್ತಿದ್ದಳು, ಅವನು ಕೂಡಲೇ ಚಾವಣಿ ನೋಡುತ್ತಿದ್ದ. ಆ ಕಳ್ಳನೋಟ ನಾಲ್ಕೈದು ಸಲ ಸಿಕ್ಕಿಬಿತ್ತು.

“ಮೇಷ್ಟ್ರೇ, ಚಾವಣಿ ಮೇಲೆ ಪಾಠ ಬರೆದಿದೆಯಾ?”

“ಜೇಡರಬಲೆ ಇದೆ. ಅಕ್ಕ ಗುಡಿಸಲ್ಲ.”

“ನನ್ನ ಹೆಸರು ಎತ್ಬೇಡ್ವೋ!” ಎಂದಿತು ಬೀರುವಿನ ಆಚೆಯ ದನಿ.

ನಾಲ್ಕು ಗಂಟೆಗಳ ಕಾಲ ಸಾಲುಗಳು ಓಡಿದವು. ಎಪ್ಪತ್ತೊಂದು ದಾಟಿತು. ಅವಳು ಉಸಿರು ಬಿಟ್ಟಳು. ತೊಂಬತ್ತು. ನೂರು. ಇನ್ನುಳಿದದ್ದು ಇನ್‌ಸ್ಟಾಲ್ ಮಾಡುವ ಕೊನೆಯ ಆಜ್ಞೆ. ಅದನ್ನು ಒತ್ತಿದಾಗ ಯಂತ್ರ ಪಾಸ್‌ವರ್ಡ್ ಕೇಳಿತು.

ಸ್ಕ್ರೂ ಎದ್ದು, ಗೋಡೆಗೆ ಮುಖ ಮಾಡಿ ನಿಂತ.

ಅವಳ ಬೆರಳು ಕೀಲಿಯ ಮೇಲೆಯೇ ನಿಂತಿತು. ಪಾಸ್‌ವರ್ಡನ್ನು ಅವನು ಕೇಳಲಿಲ್ಲ, ಊಹಿಸಲಿಲ್ಲ, ಇಣುಕಲಿಲ್ಲ. ಬೆನ್ನು ತೋರಿಸಿ ಸುಮ್ಮನೆ ನಿಂತಿದ್ದ. ಪ್ಲಾಸ್ಟರಿನ ತೂಕಕ್ಕೆ ಬಲಗೈ ಜೋತುಬಿದ್ದಿತ್ತು. ನಾಲ್ಕು ವರ್ಷ ಪ್ರತಿಯೊಂದು ಪಾಸ್‌ವರ್ಡನ್ನೂ ಜುಟ್ಟು ಹಿಡಿಸಿಕೊಂಡು, ತಲೆಯನ್ನು ಗೋಡೆಗೆ ಬಡಿಸಿಕೊಂಡು ಒಪ್ಪಿಸಿದವಳು ಅವಳು. ಆ ಬೆನ್ನು ಕಣ್ಣೀರಿನಲ್ಲಿ ಮಸುಕಾಯಿತು.

“ಯಾಕೆ ಆ ಕಡೆ ತಿರುಗಿದ್ರಿ?”

“ಅದು ನಿಮ್ಮದು.”

ಅವಳು ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದಳು. ಪರದೆಯ ಮೇಲೆ ಖಾಲಿ ಬಟ್ಟೆಯಂಥ ಬಿಳಿ ಹಾಳೆ ತೆರೆದುಕೊಂಡಿತು. ಅವಳು ಅದನ್ನು ನೋಡಲಿಲ್ಲ.

“ಈಗ ತಿರುಗಿ. ಒಂದು ಮಾತು ಹೇಳ್ತೀನಿ, ನಡುವೆ ಬಾಯಿ ಹಾಕ್ಬೇಡಿ. ನಿಮ್ಮ ಮೇಲೆ ಸಿಟ್ಟಿದೆ. ಅದು ಇನ್ನೂ ಸ್ವಲ್ಪ ದಿನ ಇರುತ್ತೆ. ಗಂಡಸರು ಅಂದ್ರೆ ಭಯ ಇದೆ, ಅದು ಯಾವಾಗ ಹೋಗುತ್ತೋ ಗೊತ್ತಿಲ್ಲ. ಇಷ್ಟೆಲ್ಲ ಇದ್ದೂ ನೀವಂದ್ರೆ ಇಷ್ಟ. ನನಗೇ ಅರ್ಥ ಆಗ್ತಿಲ್ಲ.”

ಅವನು ಪ್ಲಾಸ್ಟರಿನ ಕೈಯನ್ನು ಬೆಂಚಿನ ಮೇಲಿಟ್ಟ. “ಭಯ ಹೋಗೋವರೆಗೂ ನಾನು ಬೆಂಚಿನ ಈ ಕಡೇನೇ ಇರ್ತೀನಿ. ಹೋಗದಿದ್ರೂ ಇರ್ತೀನಿ. ಮೊದಲ ದಿನಾನೇ ಹೇಳ್ಬೇಕು ಅನ್ನಿಸಿತ್ತು, ಪರದೆ ನೋಡಿ ಅಂತ ಬೈದ್ರಲ್ಲ.”

“ಯಾರು ಇರಿ ಅಂದ್ರು ಆ ಕಡೆ?” ಎಂದು ಅವಳು ಬೆಂಚು ಸುತ್ತಿ ಬಂದಳು. ಅವನ ಎಡಗೈಯನ್ನು ತನ್ನ ವಾರೆ ಮಣಿಕಟ್ಟಿನ ಕೈಯೊಳಗೆ ತೆಗೆದುಕೊಂಡಳು. ಎರಡು ಕೈಗಳಲ್ಲಿ ಯಾವುದೂ ಹಿಂದಕ್ಕೆ ಸರಿಯಲಿಲ್ಲ. ಝೆರಾಕ್ಸ್ ಯಂತ್ರ ಮತ್ತೆ ನಿಂತಿತ್ತು. ಈ ಸಲ ಆಚೆಯಿಂದ ಬಂದದ್ದು ಅಕ್ಕ ಮೂಗು ಒರೆಸಿಕೊಂಡ ಸದ್ದು.

ಕಥೆಯನ್ನು ಇಲ್ಲಿಗೆ ಮುಗಿಸಿದರೆ ನಿಮಗೆ ಹಿತವಾಗುತ್ತಿತ್ತು. ಆದರೆ ಬಿಳಿ ಅಂಗಿಯವನು ಜಾಮೀನಿನ ಮೇಲೆ ಹೊರಗಿದ್ದಾನೆ. ಕಳೆದ ವಾರ ಆ ಬೀದಿಯಲ್ಲಿ ಕುಂಟುತ್ತ ಎರಡು ಸಲ ನಡೆದುಹೋದ. ಬೇಕರಿಯವನು ಅವನಿಗೆ ನಮಸ್ಕಾರ ಹೇಳಿದ. ಮೊದಲು ಕೈ ಮಾಡಿದವಳು ಅವಳೇ ಎಂದು ಅವನ ವಕೀಲರು ವಾದಿಸುತ್ತಿದ್ದಾರೆ, ಸುಟ್ಟ ಮುಂಗೈಯನ್ನು ಸಾಕ್ಷಿಯಾಗಿ ತೋರಿಸುತ್ತಿದ್ದಾರೆ. ಕಂಡ ಹದಿನೇಳು ಜನರಲ್ಲಿ ಹದಿನೇಳು ಜನವೂ ಏನನ್ನೂ ಕಂಡಿಲ್ಲ. ಫೋನಿನಲ್ಲಿ ಚಿತ್ರ ತೆಗೆದವನು ಅದನ್ನು ಗೆಳೆಯರಿಗೆ ತೋರಿಸಿ ನಕ್ಕಿದ್ದಾನೆ, ಠಾಣೆಗೆ ಒಯ್ದಿಲ್ಲ. ಹತ್ತೊಂಬತ್ತನೆಯ ತಾರೀಖು, ಹನ್ನೊಂದು ಗಂಟೆಗೆ, ಅವರಿಬ್ಬರೂ ಅಕ್ಕನೊಡನೆ ನ್ಯಾಯಾಲಯದ ಕಲ್ಲುಬೆಂಚಿನ ಮೇಲೆ ಕುಳಿತಿರುತ್ತಾರೆ. ಅವಳು ಈ ಸಲ ಊರು ಬಿಟ್ಟು ಓಡುವುದಿಲ್ಲವೆಂದು ನಿರ್ಧರಿಸಿದ್ದಾಳೆ. ಆ ನಿರ್ಧಾರಕ್ಕೆ ಅವಳು ತೆರುವ ಬೆಲೆ ಎಷ್ಟೆಂಬುದನ್ನು ಹದಿನೇಳು ನಾಲಗೆಗಳು ತೀರ್ಮಾನಿಸುತ್ತವೆ.

ನೀವು ಆ ಹದಿನೇಳರಲ್ಲಿ ಒಬ್ಬರಾಗಿರಲಾರಿರಿ. ಆದರೆ ನಿಮ್ಮ ಬೀದಿಯಲ್ಲಿ, ನಿಮ್ಮ ಮಹಡಿಯಲ್ಲಿ, ನಿಮ್ಮ ಬಂಧುಗಳ ಮನೆಯಲ್ಲಿ ನೀವು ಕಂಡದ್ದೊಂದಿದೆ; ಯಾರಿಗೂ ಹೇಳದೆ ಉಳಿಸಿಕೊಂಡಿದ್ದೀರಿ. ದಯವಿಟ್ಟು ನಾಳೆ ಬೆಳಗ್ಗೆ ಠಾಣೆಗೆ ಹೋಗಿ. ಕಂಡದ್ದನ್ನು ಕಂಡಷ್ಟೇ ಹೇಳಿ, ಬರೆದುಕೊಂಡದ್ದನ್ನು ಓದಿಸಿ ಕೇಳಿ, ಕೆಳಗೆ ನಿಮ್ಮ ಹೆಸರನ್ನು ಪೂರ್ತಿಯಾಗಿ ಬರೆದು ಸಹಿ ಹಾಕಿ ಬನ್ನಿ.